ದೀಪದ ಹುಡುಗಿಯ ಕೆಳಗೆ ಮುನ್ನೂರು ಮೀಟರು

ಮಲೇಷ್ಯಾಕ್ಕೆ ಹೋಗಿ ಬಂದು ಎರಡು ತಿಂಗಳಾಯಿತು. ತಾಳವಾಡಿಯ ಚಹದಂಗಡಿಯಲ್ಲಿ ಕೂತರೆ ಈಗಲೂ ಯಾರಾದರೊಬ್ಬರು ಬೆಂಚು ಎಳೆದುಕೊಂಡು ಕೇಳುತ್ತಾರೆ: "ಡ್ರೋನಲ್ಲಿ ಆಕಾಶದ ಮ್ಯಾಲೆ ಬೊಂಬೆ ಬುಟ್ರಂತಲ್ಲ ಮೇಷ್ಟ್ರೆ, ಎಂಗಿತ್ತು?" ನಾನು ಹೋಗಿದ್ದು ಓಟ ನೋಡಲು. ಓಟ ಹೇಗಿತ್ತು ಎಂದು ಇದುವರೆಗೆ ಒಬ್ಬ ಪುಣ್ಯಾತ್ಮನೂ ಕೇಳಿಲ್ಲ. ಕೇಳದವರಿಗೂ ಹೇಳಲೇಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಗೆಟ್ಟವಾಡಿಯವನು; ತಮಿಳುನಾಡಿಗೆ ಸೇರಿದರೂ ಕನ್ನಡ ಆಡುವ ತಾಳವಾಡಿ ಸೀಮೆ ನಮ್ಮದು. ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಓಡಿಸುವುದು, ಸ್ಟಾಪ್‌ವಾಚ್ ಒತ್ತುವುದು, ಇಷ್ಟು ಬಿಟ್ಟರೆ ನನಗೆ ಬೇರೆ ವಿದ್ಯೆ ಬಾರದು. ನನ್ನ ಕೈಕೆಳಗೆ ಓಡಿದವರಲ್ಲಿ ಹೊರಗೆ ಹೆಸರು ತಂದವಳು ತಿಗನಾರೆಯ ಮಹದೇವಿ ಒಬ್ಬಳೇ. ಹನ್ನೆರಡನೇ ವಯಸ್ಸಿಗೇ ಕ್ರೀಡಾ ಹಾಸ್ಟೆಲ್ ಸೇರಿದಳು, ಕಾಲೇಜಿನಲ್ಲಿ ಐದು ಸಾವಿರ ಮೀಟರ್ ಓಟಗಾರ್ತಿಯಾದಳು. ಅವಳ ತಾಯಿ ತಾಯಮ್ಮನದು ಹೊಲದ ಕೂಲಿ. ತಂದೆ ಇಲ್ಲ. ಮಗಳು ಓಡಿದ್ದೆಲ್ಲ ಈರೋಡು, ಚೆನ್ನೈ, ಇನ್ನೂ ಆಚೆ; ನಾನು ರಜೆ ಹಾಕಿಯಾದರೂ ಸ್ಟಾಪ್‌ವಾಚ್ ಹಿಡಿದು ಹೋಗುತ್ತಿದ್ದೆ. ಓಟದ ದಿನ ತಾಯಮ್ಮನಿಗೆ ಇಲ್ಲಿ ಕಳೆ ಕೀಳುವುದೋ ಜೋಳ ಮುರಿಯುವುದೋ ಇದ್ದೇ ಇರುತ್ತಿತ್ತು. ಹತ್ತು ವರ್ಷದಲ್ಲಿ ತಾಯಮ್ಮ ಮಗಳ ಓಟವನ್ನು ಒಂದು ಸಲವೂ ಕಂಡಿರಲಿಲ್ಲ.

ಮಲೇಷ್ಯಾದ ಒಂದು ಊರಿನಲ್ಲಿ ಬೇರೆ ಬೇರೆ ದೇಶದ ಕಾಲೇಜು ಓಟಗಾರರ ಕೂಟ. ಓಡುವವರ ಮನೆಯಿಂದ ಇಬ್ಬರು ಬರಬಹುದು, ಖರ್ಚು ನಮ್ಮದು ಎಂದು ಅಲ್ಲಿಯವರೇ ಕರೆ ಕಳಿಸಿದ್ದರು. ಎರಡನೆಯವನಾಗಿ ಮಹದೇವಿ ನನ್ನ ಹೆಸರು ಬರೆಸಿದಳು. ಬರೆಸಿ ಒಂದು ಮಾತು ಹೇಳಿದಳು: "ಇದಾದ ಮ್ಯಾಲೆ ಪೊಲೀಸ್ ಟ್ರೇನಿಂಗಿಗೆ ಸೇರ್ಕತೀನಿ ಮೇಷ್ಟ್ರೆ. ಟ್ರ್ಯಾಕ್ ಮ್ಯಾಲೆ ಇದೇ ಕಡೇದು. ಅವ್ವ ಒಂದ್ ದಪ ನೋಡ್ಲಿ." ಅವಳು ತಂಡದೊಡನೆ ಮೊದಲೇ ಹೋದಳು; ಆ ಒಂದು ಸಲಕ್ಕಾಗಿ ಹಿಂದೆಯೇ ನಾನೂ ತಾಯಮ್ಮನೂ ಹೊರಟೆವು.

ಹಾಸನೂರು

ಪರದೇಶಕ್ಕೆ ಹೊರಟ ಬಸ್ಸು ಹಾಸನೂರು ದಾಟುತ್ತಲೇ ನಿಂತಿತು. ಮುಂದೆ ಅರಣ್ಯದವರ ಜೀಪು ಅಡ್ಡ ನಿಂತಿತ್ತು, ತಲೆಯ ಮೇಲೆ ಗುಂಯ್ ಅನ್ನುವ ಸದ್ದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆನೆ ರಸ್ತೆಗೋ ಹೊಲಕ್ಕೋ ಇಳಿದರೆ ಅರಣ್ಯದವರು ಡ್ರೋನ್ ಹಾರಿಸಿ ಎಲ್ಲಿದೆ ಎಂದು ಹುಡುಕುತ್ತಾರೆ. ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಡ್ರೋನಿನ ಸದ್ದು ಕೇಳಿದರೆ ಆನೆ ಹತ್ತಿರದಲ್ಲಿದೆ, ಜಾಗ ಖಾಲಿ ಮಾಡು ಎಂದೇ ಲೆಕ್ಕ.

ಬಸ್ಸಿನವರೆಲ್ಲ ಕಿಟಕಿಯಿಂದ ಕತ್ತು ಹೊರಹಾಕಿ ಮೇಲೆ ನೋಡಿದರು. ಮೊಬೈಲುಗಳು ಎದ್ದವು. ನಾನೂ ನೋಡಿದೆ. ತಾಯಮ್ಮ ಮಾತ್ರ ತಲೆ ಎತ್ತದೆ ರಸ್ತೆ ಪಕ್ಕದ ಲಂಟಾನದ ಪೊದೆಯನ್ನೇ ನೋಡುತ್ತಾ ಕೂತಳು.

"ಮ್ಯಾಲೇನ್ ನೋಡೀರಿ ಮೇಷ್ಟ್ರೆ," ಅಂದಳು. "ಅದು ಬರೀ ಸದ್ದು. ಬರೋದು ಕೆಳಗೇಯ."

ಸ್ವಲ್ಪ ಹೊತ್ತಿಗೆ ಅದೇ ಪೊದೆ ಅಲುಗಿತು. ಒಂಟಿ ಆನೆ ಹೊರಬಂದು, ನಮ್ಮ ಬಸ್ಸನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ರಸ್ತೆ ದಾಟಿ ಹೋಯಿತು. ಮೊಬೈಲು ಮೇಲಕ್ಕೆ ಹಿಡಿದವರಿಗೆ ಸಿಕ್ಕಿದ್ದು ಬೂದು ಆಕಾಶ.

ಘಾಟಿ ಇಳಿಯುವಾಗ ತಾಯಮ್ಮ ಮಗಳ ಸುದ್ದಿ ತೆಗೆದಳು. ಚಿಕ್ಕವಳಿದ್ದಾಗ ಇಬ್ಬರೂ ಹೊಲದಲ್ಲಿದ್ದು ಸದ್ದು ಕೇಳಿಸಿದರೆ ಮಗಳನ್ನು ಮುಂದೆ ಓಡಿಸುತ್ತಿದ್ದಳಂತೆ. "ಮೊಣಕೈ ಎಲ್ಡೂ ಅಗಲ ಮಾಡ್ಕಂಡು, ತಲೆ ತಗ್ಗುಸ್ಕಂಡು, ಕೋಳಿ ಓಡ್ದಂಗೆ ಓಡೋಳು. ನಾನು ಇಂದ್ಲಿಂದ ಕೂಗ್ತಿದ್ದೆ, ತಿರುಗ್ಬ್ಯಾಡ ಮಗಾ, ಓಡು ಓಡು ಅಂತ."

ಆ ಮೊಣಕೈ ನನಗೆ ಚೆನ್ನಾಗಿ ಗೊತ್ತು. ಅದನ್ನು ಪಕ್ಕೆಗೆ ಸೇರಿಸಲು ನನಗೆ ಎರಡು ವರ್ಷ ಹಿಡಿದಿತ್ತು. ಕೊನೆಗೆ ಪುಸ್ತಕದಲ್ಲಿ ಬರೆದ ಹಾಗೆ ಓಡುವುದನ್ನು ಕಲಿಸಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಹುರಿಹಿಟ್ಟು

ತಿರುಚ್ಚಿಯಿಂದ ವಿಮಾನ. ತಾಯಮ್ಮ ಹೆದರುತ್ತಾಳೆ ಎಂದುಕೊಂಡಿದ್ದೆ. ಆಕೆ ಬೆಲ್ಟು ಬಿಗಿದುಕೊಂಡು, ಸೆರಗು ಮುಖದ ಮೇಲೆ ಹಾಕಿಕೊಂಡು ನಿದ್ದೆ ಹೋದಳು. ಹೆದರಿದವನು ನಾನು.

ಅಲ್ಲಿ ಇಳಿದ ಮೇಲೆ ಅಧಿಕಾರಿಯೊಬ್ಬರು ಆಕೆಯ ಚೀಲ ತೆಗೆಸಿದರು. ಒಳಗೆ ಒಂದು ಡಬ್ಬಿ ರಾಗಿಯ ಹುರಿಹಿಟ್ಟು, ಮಗಳಿಗೆಂದು ತಂದದ್ದು. ಕಂದು ಪುಡಿ ಕಂಡದ್ದೇ ಅವರ ಮುಖ ಗಂಭೀರವಾಯಿತು. ನನ್ನ ಇಂಗ್ಲಿಷು ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು, ಆ ಕ್ಷಣಕ್ಕೆ ಕೈಕೊಟ್ಟಿತು. ತಾಯಮ್ಮ ಡಬ್ಬಿ ಇಸಿದುಕೊಂಡು, ತಾನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆಯನ್ನು ಅಧಿಕಾರಿಯ ಮುಂದೆ ಹಿಡಿದಳು. "ತಿನ್ನಪ್ಪ, ಬೆಲ್ಲ ಆಕಿವ್ನಿ," ಅಂದಳು. ಅವರು ತಿನ್ನಲಿಲ್ಲ, ಆದರೆ ನಕ್ಕರು. ಡಬ್ಬಿ ವಾಪಸು ಕೊಟ್ಟು ಬಲಗೈಯನ್ನು ಎದೆಯ ಮೇಲಿಟ್ಟುಕೊಂಡರು. ಆ ದೇಶದವರಿಗೆ ಇದೊಂದು ಒಳ್ಳೆಯ ಅಭ್ಯಾಸ. ಕೈ ಕುಲುಕಿದ ಮೇಲೆ, ಮಾತು ಮುಗಿದ ಮೇಲೆ, ಹೀಗೆ ಕೈ ಎದೆಗೆ ಹೋಗುತ್ತದೆ. ನಮ್ಮ ಕಡೆ ಕಚೇರಿಗಳಲ್ಲಿ ಕೈ ಸಾಮಾನ್ಯವಾಗಿ ಬೇರೆ ಕಡೆ ಚಾಚುತ್ತದೆ.

ದಾರಿ ಕೇಳಿದರೆ ಅವರು ತೋರುಬೆರಳು ನೀಡುವುದಿಲ್ಲ. ಬೆರಳು ಮಡಚಿ ಹೆಬ್ಬೆರಳಿನಿಂದ ತೋರಿಸುತ್ತಾರೆ. ಬೆರಳು ತೋರಿಸಿ ಮಾತಾಡುವುದೇ ನನ್ನ ಕಸುಬಾಗಿತ್ತು; ಎರಡು ದಿನ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ.

ಎತ್ತಿ ಹೊಯ್ದ ಚಹಾ

ನಮ್ಮನ್ನು ವಸತಿಯಿಂದ ಕರೆದೊಯ್ಯುವ ವ್ಯಾನಿನ ಡ್ರೈವರ್ ವೇಲು ಅಲ್ಲಿಯೇ ಹುಟ್ಟಿದ ತಮಿಳ. ಅಜ್ಜನ ಕಾಲಕ್ಕೆ ರಬ್ಬರ್ ತೋಟಕ್ಕೆ ಬಂದ ಮನೆತನ. ನನ್ನ ತಮಿಳು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಕೊಟ್ಟು ಬಂದದ್ದು; ಅವನದು ಅಜ್ಜಿಯಿಂದ ಬಂದದ್ದು. ನಾನು ಬಾಯಿ ತೆರೆದರೆ ಅವನಿಗೆ ಯಾವುದೋ ಸರ್ಕಾರಿ ನೋಟಿಸು ಬಂದ ಹಾಗೆ ಆಗುತ್ತಿತ್ತು. ತಾಯಮ್ಮನ ಸಂತೆಯ ತಮಿಳೇ ಅವನಿಗೆ ಹಿಡಿಸಿತು.

ಅವನು ನಮ್ಮನ್ನು ಚಹದಂಗಡಿಗೆ ಕರೆದೊಯ್ದ. ಅಲ್ಲಿ ಚಹವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮಾರುದ್ದ ಎತ್ತಿ ಹೊಯ್ಯುತ್ತಾರೆ. ನಮ್ಮಲ್ಲೂ ಹೊಯ್ಯುತ್ತಾರೆ, ಆರಲಿ ಎಂದು. ಅಲ್ಲಿ ಅದನ್ನು ನಿಂತು ನೋಡುವವರಿದ್ದರು. ಚಹ ಚೆನ್ನಾಗಿಯೇ ಇತ್ತು, ಸಕ್ಕರೆ ಎರಡು ಮದುವೆಗೆ ಆಗುವಷ್ಟಿತ್ತು.

"ನೀವು ಬಂದದ್ದು ಒಳ್ಳೆ ಸಮಯಕ್ಕೆ," ಎಂದ ವೇಲು. "ನಾಳೆ ಡ್ರೋನ್ ಆಟ ಇದೆ. ಊರಿಗೆ ಊರೇ ಬರ್ತದೆ."

"ನಾಳೆ ಓಟ ಅಲ್ಲವೇ?" ಎಂದೆ.

"ಅದೂ ಇದೆ," ಎಂದ ಅವನು, ಊಟದ ಜೊತೆ ಉಪ್ಪಿನಕಾಯಿಯೂ ಇದೆ ಎನ್ನುವ ದನಿಯಲ್ಲಿ.

ಮಾರನೆಯ ದಿನ ದಾರಿಯುದ್ದಕ್ಕೂ ಹಾಕಿದ್ದ ಫಲಕಗಳನ್ನು ನೋಡಿದೆ. ಎಲ್ಲದರಲ್ಲೂ ಆಕಾಶ, ಆಕಾಶದಲ್ಲಿ ದೀಪ, ದೀಪದ ಕೆಳಗೆ ಶಾವಿಗೆ ಮಾರುವ ಕಂಪನಿಯ ಗುರುತು. ಓಡುವವರ ಚಿತ್ರ ಕೆಳಮೂಲೆಯಲ್ಲಿ, ಇರುವೆಯಷ್ಟು. ಯಾರ ಮದುವೆಗೆ ಬಂದೆವೋ ಅವರನ್ನೇ ಹಿಂದಿನ ಸಾಲಿನಲ್ಲಿ ಕೂರಿಸಿದ ಹಾಗಿತ್ತು.

ಮೈದಾನ, ಸಂಜೆ ಐದೂವರೆ

ಐದೂವರೆಗೆ ಹೆಣ್ಣುಮಕ್ಕಳ ಐದು ಸಾವಿರ ಮೀಟರ್. ಹನ್ನೆರಡೂವರೆ ಸುತ್ತು. ಮಹದೇವಿ ಮೈ ಬಿಸಿ ಮಾಡಿಕೊಂಡು, ತಾಯಿಯ ಕಡೆ ಕೈಬೀಸಿ ಒಳಗೆ ಹೋದಳು. ಆಗ ಮಳೆ ಸುರಿಯಿತು. ಅಲ್ಲಿಯ ಮಳೆ ಹೇಳಿ ಕೇಳಿ ಬರುವುದಲ್ಲ, ಕೊಡ ಮಗುಚಿದ ಹಾಗೆ ಬಿದ್ದು ಅರ್ಧ ಗಂಟೆಯಲ್ಲಿ ನಿಂತಿತು. ಟ್ರ್ಯಾಕಿನ ಮೇಲೆ ನೀರು ನಿಲ್ಲಲಿಲ್ಲ. ಓಡಿಸಬಹುದಿತ್ತು.

ಓಡಿಸಲಿಲ್ಲ. ಯಾಕೆಂದು ಹಳದಿ ಅಂಗಿಯ ಸ್ವಯಂಸೇವಕಿಯನ್ನು ಕೇಳಿದೆ. ಆಕೆ ಹೆಬ್ಬೆರಳಿನಿಂದ ಆಕಾಶ ತೋರಿಸಿದಳು. ಡ್ರೋನು ಹಾರಲು ಕತ್ತಲು ಬೇಕಂತೆ. ಓಟ ಮುಗಿಯುವುದಕ್ಕೂ ಕತ್ತಲಾಗುವುದಕ್ಕೂ ಸರಿಹೋಗಬೇಕಂತೆ. ನಡುವೆ ಬಿಡುವು ಕೊಟ್ಟರೆ ಜನ ಬೇಸರಪಟ್ಟು ಎದ್ದು ಹೋಗುತ್ತಾರಂತೆ. ಅದಕ್ಕೆ ಓಟವನ್ನೇ ಏಳು ಗಂಟೆಯ ಮೇಲಕ್ಕೆ ತಳ್ಳಿದ್ದಾರೆ.

ನನಗೆ ಮೈ ಉರಿಯಿತು. ಬೆವರು ಬರಿಸಿಕೊಂಡ ಮೈಯನ್ನು ಒಂದೂವರೆ ಗಂಟೆ ಕೂರಿಸಿದರೆ ಅದು ಕಟ್ಟಿಗೆಯಾಗುತ್ತದೆ. ಒಂದು ಎತ್ತನ್ನು ನೊಗಕ್ಕೆ ಕಟ್ಟಿ, ಮದುವೆ ಮೆರವಣಿಗೆ ಹೋಗಲಿ ಆಮೇಲೆ ಉಳುತ್ತೇನೆ ಎಂದು ನಮ್ಮ ಯಾವ ರೈತನೂ ನಿಲ್ಲಿಸುವುದಿಲ್ಲ. ಹದಿನೈದು ಹುಡುಗಿಯರು ಒಂದು ಕೋಣೆಯೊಳಗೆ ತಣ್ಣಗಾಗುತ್ತಾ ಕೂತಿದ್ದರು, ಹೊರಗೆ ಮೈದಾನದ ಪಕ್ಕದ ಬಯಲಿನಲ್ಲಿ ಡ್ರೋನುಗಳಿಗೆ ಟಾರ್ಪಾಲು ಹೊದಿಸಿ, ನೆನೆಯದಂತೆ ಹತ್ತಾರು ಜನ ಕಾಯುತ್ತಿದ್ದರು.

ನಮಗೆಲ್ಲ ಒಂದೊಂದು ಪ್ಲಾಸ್ಟಿಕ್ ಕೈಪಟ್ಟಿ ಕೊಟ್ಟರು, ಅದು ಹೊತ್ತಿಕೊಂಡು ಆರುತ್ತದೆ. ತಾಯಮ್ಮ ಅದನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕರುಗೆ ಕಟ್ಟುದ್ರೆ ಕತ್ಲಲ್ಲಿ ಆದ್ರೂ ಕಾಣ್ತದ," ಅಂದಳು.

ಕೊನೆಗೂ ಏಳು ಹತ್ತಕ್ಕೆ ಬಿಟ್ಟರು. ನಾನು ಸ್ಟಾಪ್‌ವಾಚ್ ಒತ್ತಿದೆ. ನಮ್ಮ ಜಾಗ ಎಷ್ಟು ಎತ್ತರದಲ್ಲಿತ್ತೆಂದರೆ ಕೆಳಗಿನವರು ಬಣ್ಣದ ಚುಕ್ಕೆಗಳು. ದೊಡ್ಡ ಪರದೆಯಲ್ಲಿ ಓಟ ತೋರಿಸುತ್ತಾರೆ ಎಂದು ನೋಡಿದರೆ, ಡ್ರೋನ್ ಆಟಕ್ಕೆ ಎಷ್ಟು ನಿಮಿಷ ಉಳಿದಿದೆ ಎಂದು ತೋರಿಸುತ್ತಿದ್ದರು. ನಮ್ಮ ಮುಂದಿನ ಸಾಲಿನವರೆಲ್ಲ ಮೈದಾನಕ್ಕೆ ಬೆನ್ನು ಹಾಕಿ ನಿಂತು ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು.

"ನಮ್ಮವಳು ಯಾವಳು ಮೇಷ್ಟ್ರೆ?" ಎಂದಳು ತಾಯಮ್ಮ.

"ನೀಲಿ ಅಂಗಿ ನೋಡಮ್ಮ, ಹಿಂದಿನ ಗುಂಪಿನಲ್ಲಿ."

ತಾಯಮ್ಮ ಎದ್ದು ನಿಂತು ಕೂಗತೊಡಗಿದಳು. ಎಂಟು ಸುತ್ತು ಕೂಗಿದಳು. ಒಂಬತ್ತನೆಯ ಸುತ್ತಿನಲ್ಲಿ ನನಗೆ ಅನುಮಾನ ಬಂದು ಆಕೆಯ ದೃಷ್ಟಿ ಹೋದ ಕಡೆ ನೋಡಿದರೆ, ಮುಂದಿನ ಗುಂಪಿನಲ್ಲಿಯೂ ನೀಲಿ ಅಂಗಿಯ ಹುಡುಗಿಯೊಬ್ಬಳಿದ್ದಳು, ಯಾವ ದೇಶದವಳೋ. ಇಷ್ಟೂ ಹೊತ್ತು ತಾಯಮ್ಮ ಅವಳನ್ನು ಹರಸಿದ್ದಳು. ಅವಳಲ್ಲ, ಹಿಂದೆ ಎಂದು ತೋರಿಸಿದೆ. ಆಕೆಗೆ ಗುರುತು ಹತ್ತಲಿಲ್ಲ. ಹಿಂದೆ ಓಡುತ್ತಿದ್ದವರೆಲ್ಲ ಒಂದೇ ತರ, ಮೊಣಕೈ ಪಕ್ಕೆಗೆ, ತಲೆ ನೆಟ್ಟಗೆ. ಅವರಲ್ಲಿ ಒಬ್ಬಳಿಗೆ ಹಾಗೆ ಓಡಲು ಕಲಿಸಿದವನು ನಾನೇ.

"ಯಾರ್ನೂ ನಮ್ಮವಳು ಅನ್ನಕಾಗದು," ಎಂದು ಆಕೆ ಕೂತುಬಿಟ್ಟಳು. ಮುಖ ಸಣ್ಣದಾಗಿತ್ತು. ಇಷ್ಟು ದೂರ ಕರೆತಂದು ಈ ಹೆಂಗಸಿಗೆ ಮಗಳನ್ನು ತೋರಿಸಲಾಗಲಿಲ್ಲವಲ್ಲ ಎಂದು ನನಗೆ ಸಂಕಟವಾಯಿತು.

ದೀಪ

ಮುಂದಿದ್ದವಳು ಗೆರೆ ಮುಟ್ಟಿದ್ದೇ ತಡ, ಮೈದಾನದ ದೊಡ್ಡ ದೀಪಗಳು ಆರಿದವು. ಅವರ ಲೆಕ್ಕದಲ್ಲಿ ಓಟ ಅಲ್ಲಿಗೆ ಮುಗಿಯಿತು. ಹಿಂದೆ ಇನ್ನೂ ಹುಡುಗಿಯರು ಓಡುತ್ತಿದ್ದಾರೆ ಎನ್ನುವುದು ಯಾರ ತಲೆಗೂ ಹೋಗಲಿಲ್ಲ. ಮಹದೇವಿಗೆ ಆಗ ಮುನ್ನೂರು ಮೀಟರು ಬಾಕಿ. ಟ್ರ್ಯಾಕಿನ ಅಂಚಿನಲ್ಲಿ ಸಣ್ಣ ದೀಪಗಳು ಉಳಿದಿದ್ದವು, ಅಷ್ಟೇ.

ಡ್ರೋನುಗಳು ಗಡಿಯಾರ ನೋಡಿಕೊಂಡು ಎದ್ದವು. ಸಂಗೀತದವರು ಮಾತ್ರ ಯಾರದೋ ಅಪ್ಪಣೆಗೆ ಕಾಯುತ್ತಿದ್ದರೆಂದು ಕಾಣುತ್ತದೆ. ಹಾಡಿಲ್ಲ, ವಾದ್ಯವಿಲ್ಲ, ಬರೀ ಗುಂಯ್ ಎನ್ನುವ ಸದ್ದು. ನಮ್ಮೂರಿನಲ್ಲಿ ಕೇಳುವುದು ಒಂದರ ಸದ್ದು. ಇದು ನೂರಾರು.

ತಾಯಮ್ಮ ನನ್ನ ತೋಳು ಹಿಡಿದಳು. "ಆನೆ ಬತ್ತದ, ಏಳಿ ಮೇಷ್ಟ್ರೆ."

"ಇಲ್ಲಿ ಎಲ್ಲಿಯ ಆನೆ, ಕೂತ್ಕೊಳಮ್ಮ," ಎಂದೆ. ಎಂದವನು ಮೇಲೆ ನೋಡಿದೆ.

ಈಗ ನೋಡಿದ್ದನ್ನು ಹೇಳಬೇಕು. ಮೊದಲು ಬಂದದ್ದು ಶಾವಿಗೆಯ ಬಟ್ಟಲು. ಅರ್ಧ ಆಕಾಶದಗಲ, ಮೇಲೆ ಆವಿ ಸಹಿತ. ಜನ ಹೋ ಎಂದರು. ಹತ್ತು ಎಣಿಸುವಷ್ಟರಲ್ಲಿ ಅದು ಕರಗಿ ಒಂದು ಆಮೆ, ಅದಕ್ಕೂ ಹೋ ಎಂದರು. ದೀಪಾವಳಿಯ ಬಾಣಕ್ಕಾದರೂ ಒಂದು ಹುಚ್ಚು ಇರುತ್ತದೆ, ಯಾರ ಹುಲ್ಲಿನ ಮೆದೆಗೆ ಬೀಳುತ್ತದೋ ಎಂಬ ಭಯ ಇರುತ್ತದೆ. ಇವಕ್ಕೆ ಅದೂ ಇಲ್ಲ. ಮಗ್ಗಿ ಬಾಯಿಪಾಠ ಮಾಡಿ ಒಪ್ಪಿಸಿದ ಹಾಗೆ ಬಂದು ನಿಲ್ಲುವುದು, ಬಣ್ಣ ಬದಲಿಸುವುದು, ಹೋಗುವುದು. ಇದಕ್ಕಾಗಿ ಒಂದು ಊರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದು ಕೂತಿತ್ತು.

ಮೂರನೆಯದು ಓಡುವ ಹುಡುಗಿ. ಬೆಳ್ಳಗಿನ ದೀಪದ ಹುಡುಗಿ, ಜಡೆ ಹಾರುತ್ತಿದೆ, ಕಾಲು ಒಂದಾದ ಮೇಲೊಂದು ಏಳುತ್ತಿದೆ. ಓಡಿ ಓಡಿ ಎಲ್ಲಿಗೂ ಹೋಗುತ್ತಿರಲಿಲ್ಲ, ಇದ್ದಲ್ಲೇ ಇದ್ದಳು. ಕೆಳಗೆ ನಿಜವಾದ ಹುಡುಗಿಯರು ಕತ್ತಲಲ್ಲಿ ಓಡುತ್ತಿರುವಾಗ, ಇಡೀ ಮೈದಾನ ಎದ್ದು ನಿಂತು ಆಕಾಶದವಳಿಗೆ ಚಪ್ಪಾಳೆ ಹೊಡೆಯಿತು.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನಾನೂ ಎದ್ದು ನಿಂತಿದ್ದೆ. ಮೊಬೈಲು ಎತ್ತಿ ಹಿಡಿದಿದ್ದೆ. ಮೂವತ್ತು ವರ್ಷ ಮಕ್ಕಳನ್ನು ಸಾಲು ನಿಲ್ಲಿಸಿದ ನನಗೆ ಒಂದು ದಿನವೂ ಇಷ್ಟು ನೇರ ಸಾಲು ಸಿಕ್ಕಿರಲಿಲ್ಲ. ಒಬ್ಬನ ಮೂಗು ಸುರಿಯುತ್ತಿತ್ತು, ಒಬ್ಬಳ ಚಪ್ಪಲಿ ಕಿತ್ತಿತ್ತು, ಯಾವನೋ ಒಬ್ಬ ಎಡ ಅಂದರೆ ಬಲಕ್ಕೆ ತಿರುಗುತ್ತಿದ್ದ. ಇಲ್ಲಿ ನೂರಾರು ದೀಪ, ಒಂದೂ ತಪ್ಪಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಾಚಿಕೆಯಾಗುತ್ತದೆ, ಆದರೆ ನೋಡಿದೆ.

ಪಕ್ಕದಲ್ಲಿ ತಾಯಮ್ಮ ಏನೋ ಕೂಗುತ್ತಿದ್ದಳು. ಆನೆಯ ಭಯ ಇನ್ನೂ ಹೋಗಿಲ್ಲ ಎಂದುಕೊಂಡೆ.

ಸಂಗೀತ ಶುರುವಾದಾಗ ಆಕೆ ನನ್ನ ಕಡೆ ತಿರುಗಿದಳು. ಕೆನ್ನೆ ಒದ್ದೆಯಾಗಿತ್ತು. "ನೋಡುದ್ರಾ ಮೇಷ್ಟ್ರೆ? ಮೂರ್ ಜನಾನ ಇಂದಾಕುದ್ಲು."

ಆಗ ಗೊತ್ತಾಯಿತು. ಸದ್ದು ಕೇಳಿದ್ದೇ ಆಕೆ ಮೇಲೆ ನೋಡಲಿಲ್ಲ. ಆನೆ ಎಲ್ಲಿಂದ ಬರುತ್ತದೆ ಎಂದು ಕೆಳಗೆ ನೋಡಿದ್ದಾಳೆ. ಕತ್ತಲಲ್ಲಿ ಅಂಗಿಯ ಬಣ್ಣ ಅಳಿಸಿಹೋಗಿದೆ. ಮುಸ್ಸಂಜೆಯಲ್ಲಿ ಹೊಲದಿಂದ ಬರುವವರನ್ನು ನಮ್ಮ ಹೆಂಗಸರು ಗುರುತಿಸುವುದು ನಡಿಗೆಯಿಂದಲೇ. ಅಂಚಿನ ಸಣ್ಣ ದೀಪಗಳ ಪಕ್ಕ ಒಬ್ಬಳು ಮೊಣಕೈ ಅಗಲ ಮಾಡಿಕೊಂಡು, ತಲೆ ತಗ್ಗಿಸಿ, ಕೋಳಿಯ ಹಾಗೆ ಓಡಿಬರುತ್ತಿದ್ದಳಂತೆ. ಆ ಸದ್ದು ಕಿವಿಗೆ ಬಿದ್ದದ್ದೇ ಮಹದೇವಿ ನಾನು ಕಲಿಸಿದ್ದನ್ನೆಲ್ಲ ಮರೆತಿದ್ದಳು. ಆ ಮೈದಾನದಲ್ಲಿ ಆ ಮುನ್ನೂರು ಮೀಟರನ್ನು ನೋಡಿದವಳು ತಾಯಮ್ಮ ಒಬ್ಬಳೇ.

"ನೋಡ್ದೆ ಕಣಮ್ಮ," ಎಂದೆ ನಾನು.

ಜೇಬಿನಲ್ಲಿ ಸ್ಟಾಪ್‌ವಾಚ್ ಇನ್ನೂ ಓಡುತ್ತಲೇ ಇತ್ತು. ಒತ್ತಲು ಮರೆತಿದ್ದೆ.

ಕೆಳಗೆ ಮಹದೇವಿ ಬಂದು ತಾಯಿಯನ್ನು ತಬ್ಬಿಕೊಂಡಳು. ಎಂಟನೆಯವಳಾಗಿದ್ದಳು. ಆಮೇಲೆ ಪ್ರತಿ ಓಟದ ನಂತರ ಕೇಳುವುದನ್ನೇ ಕೇಳಿದಳು: "ಕಡೇ ಸುತ್ತು ಎಷ್ಟು ಮೇಷ್ಟ್ರೆ?" ಮಳೆಗೆ ವಾಚು ನೆನೆದು ನಿಂತುಹೋಯಿತು ಎಂದೆ. ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ಇರಲಿ ಬುಡಿ ಅಂದಳು.

ತಿಗನಾರೆ

ಹಿಂತಿರುಗಿದ ಮೇಲೆ ತಾಯಮ್ಮ ಓಟದ ಕತೆಯನ್ನು ಕೂಲಿಗೆ ಬರುವವರಿಗೆಲ್ಲ ಹೇಳಿದಳು. ಹೇಳುವಾಗಲೆಲ್ಲ ಕೊನೆಗೆ, "ಬೇಕಾದ್ರ ಮೇಷ್ಟ್ರನ್ನ ಕೇಳಿ, ಅವ್ರೂ ನೋಡವ್ರ," ಎನ್ನುವಳು. ನಾನು ತಲೆ ಆಡಿಸುವೆ. ಜನ ಅರ್ಧ ಕೇಳಿ, ಡ್ರೋನ್ ಆಟದ ವಿಡಿಯೋ ಅದಾ ಎಂದು ನನ್ನ ಮೊಬೈಲಿಗೆ ಕೈ ಚಾಚುವರು. ಕೈಪಟ್ಟಿ ಈಗ ಕರುವಿನ ಕೊರಳಲ್ಲಿದೆ, ಅದು ಹೊತ್ತಿಕೊಳ್ಳುವುದನ್ನು ಬಿಟ್ಟು ಬಹಳ ದಿನವಾಯಿತು.

ಮಹದೇವಿ ತರಬೇತಿಗೆ ಹೊರಡುವ ಹಿಂದಿನ ದಿನ ಅವರ ಮನೆಗೆ ಹೋದೆ. ಜಗಲಿಯ ಮೇಲೆ ತಾಯಿ ಮಗಳು ಇಬ್ಬರೂ ಇದ್ದರು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ.

"ವಾಚು ಕೆಟ್ಟಿರಲಿಲ್ಲ ಮಗಾ," ಎಂದೆ. "ಹತ್ತು ವರ್ಷ ನಿನ್ನ ಒಂದು ಸುತ್ತನ್ನೂ ಬಿಟ್ಟವನಲ್ಲ. ಕೊನೆಯದನ್ನು ನಾನು ನೋಡಲಿಲ್ಲ. ಆಕಾಶ ನೋಡ್ತಾ ನಿಂತಿದ್ದೆ."

ತಾಯಮ್ಮ ಕಳೆಗುದ್ದಲಿಯ ಕಾವು ಸರಿಮಾಡುತ್ತಿದ್ದವಳು ತಲೆ ಎತ್ತಿದಳು. ಮತ್ತೆ ಕಾವಿಗೇ ಬಗ್ಗಿದಳು. ಬೈದಿದ್ದರೆ ಚೆನ್ನಾಗಿತ್ತು.

"ನಂಗೊತ್ತು ಮೇಷ್ಟ್ರೆ," ಎಂದಳು ಮಹದೇವಿ. "ವಿಡಿಯೋ ತೋರ್ಸಿ."

ಕೊಟ್ಟೆ. ದೀಪದ ಹುಡುಗಿ ಓಡಲು ಶುರುಮಾಡಿದಳು. ಮಹದೇವಿ ಒಂದು ಗಳಿಗೆ ಅವಳನ್ನು ನೋಡಿ, ಮೊಬೈಲನ್ನು ಮಗುಚಿ ಜಗಲಿಯ ಮೇಲಿಟ್ಟಳು. ಗುಂಯ್ ಎನ್ನುವ ಸದ್ದು ಮಾತ್ರ ಉಳಿಯಿತು. ಅದರ ಮೇಲೆ, ತೀರಾ ಹತ್ತಿರದಲ್ಲಿ, ಕೂಗಿ ಕೂಗಿ ಒಡೆದ ಒಂದು ದನಿ: "ತಿರುಗ್ಬ್ಯಾಡ ಮಗಾ. ಓಡು ಓಡು. ತಿರುಗ್ಬ್ಯಾಡ." ನಾನು ಅದನ್ನು ಎಷ್ಟೋ ಜನಕ್ಕೆ ತೋರಿಸಿದ್ದೆ, ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ. ಸುತ್ತ ಊರಿಗೆ ಊರೇ ಚಪ್ಪಾಳೆ ಹೊಡೆಯುತ್ತಿತ್ತು. ಆ ದನಿ ನಿಲ್ಲಲಿಲ್ಲ. ಕೊನೆಗೆ, "ಬಂದ್ಬುಟ್ಲು," ಎಂದು ಉಸಿರುಬಿಟ್ಟಿತು.

"ನಾನೇನಾ ಅದು?" ಎಂದಳು ತಾಯಮ್ಮ ಮೆಲ್ಲಗೆ.

"ನೀನೇ ಕಣವ್ವ." ಮಹದೇವಿ ಮೊಬೈಲನ್ನು ನನ್ನ ಕೈಗೆ ಕೊಟ್ಟಳು. "ಇದ್ನ ನಂಗೆ ಕಳ್ಸಿ ಮೇಷ್ಟ್ರೆ. ಚಿತ್ರ ಬ್ಯಾಡ, ಸದ್ದು ಮಾತ್ರ ಸಾಕು."

ಸದ್ದನ್ನು ಮಾತ್ರ ಬಿಡಿಸಿ ಕಳಿಸುವುದು ಹೇಗೆಂದು ಬಹಳ ಹೊತ್ತು ಒದ್ದಾಡಿದೆ, ನನಗೆ ಬರಲಿಲ್ಲ. ಕೊನೆಗೆ ಇಡಿಯಾಗಿಯೇ ಕಳಿಸಿದೆ. ಆಕಾಶದ ಆ ಹುಡುಗಿಯೂ ಜೊತೆಗೆ ಹೋದಳು.